ಎಣ್ಣೆ ಜಡೆ ಮತ್ತು ಮೊಟ್ಟೆಯ ಪ್ಲೇಟು

ಅರವತ್ತರ ದಶಕದ ಆರಂಭದಲ್ಲಿ ಮಂಗಳೂರಿನ ಒಂದು ಬ್ಯಾಕ್ಟೀರಿಯಾಲಜಿ ಲ್ಯಾಬಿಗೆ ಟ್ರೈನಿಂಗಿಗೆ ಸೇರಿದಾಗ ಅಲ್ಲಿದ್ದ ಹುಡುಗಿ ನಾನೊಬ್ಬಳೇ. ಉರ್ವದ ಮನೆಯಿಂದ ಹೊರಡುವ ಮೊದಲು ಅಮ್ಮ ನನ್ನ ತಲೆಗೆ ಅಂಗೈ ತುಂಬ ತೆಂಗಿನೆಣ್ಣೆ ಸುರಿದು ಜಡೆ ಹೆಣೆಯುತ್ತಿದ್ದರು. ಆಗ ಎಂಥ ಜಡೆ! ಈಗ ಇಲಿಯ ಬಾಲ. ಎಣ್ಣೆ ಕತ್ತಿನವರೆಗೂ ಇಳಿಯುತ್ತಿತ್ತು. ಆ ವರ್ಷದ ಸೆಕೆಗೆ ಕತ್ತಿನ ಹಿಂದೆ ಒಂದು ಕುರು ಎದ್ದಿತು.

ನನಗೆ ನೋವಿಗಿಂತ ಅದರೊಳಗೆ ಏನಿದೆ ಎಂದು ನೋಡುವ ಆಸೆಯೇ ಹೆಚ್ಚಾಯಿತು. ಬ್ಯಾಕ್ಟೀರಿಯಾ ಬೆಳೆಸಲು ಮೊಟ್ಟೆಯ ಹಳದಿ ಬೆರೆಸಿದ ಅಗರ್ ಪ್ಲೇಟಿನ ಮೇಲೆ ಕುರುವಿನ ಕೀವನ್ನು ತಂತಿಯಿಂದ ಗೀರಿ ಇನ್‌ಕ್ಯುಬೇಟರಿನಲ್ಲಿಟ್ಟೆ. ಎರಡು ದಿನ ಬಿಟ್ಟು ನೋಡಿದರೆ, ಬ್ಯಾಕ್ಟೀರಿಯಾ ಬೆಳೆದಲ್ಲೆಲ್ಲ ಮುತ್ತಿನ ಚಿಪ್ಪಿನ ಒಳಮೈಯಂಥ ಹೊಳಪು. ಅದು ಲೈಪೇಸ್ ಎಂಬ ಕಿಣ್ವದ ಕೆಲಸ. ಕೊಬ್ಬನ್ನು ಕತ್ತರಿಸಿ ಫ್ಯಾಟಿ ಆಸಿಡ್ ಬಿಡಿಸುತ್ತದೆ; ನಮ್ಮ ಚರ್ಮದ ಮೇಲೂ ಅದೇ ಕಸುಬು. ಹಾಗೆ ಬಿಡಿಸಿಕೊಂಡದ್ದನ್ನು ಬೇರೆ ಕಿಣ್ವಗಳು ಹಿಡಿದು ಬ್ಯಾಕ್ಟೀರಿಯಾದ ಪೊರೆ ಕಟ್ಟಲು ಬಳಸುತ್ತವೆ ಎಂದು ನಾನು ಓದಿದ್ದು ಕೂದಲು ನರೆತ ಮೇಲೆ. ಪಕ್ಕದ ಮನೆಯಲ್ಲಿ ಅಡುಗೆ ಆಗಿರುವಾಗ ತಾನು ಯಾಕೆ ಒಲೆ ಹೊತ್ತಿಸಬೇಕು? ವೆರಿ ಕ್ಲೆವರ್.

ನಮಗೆ ಕಲಿಸುತ್ತಿದ್ದ ಸರ್ ಪ್ಲೇಟನ್ನು ಒಮ್ಮೆ ನೋಡಿ ಕೆಳಗಿಟ್ಟರು.

"ಲೈಪೇಸ್ ಅಂತೆ! ಇದು ನಿನ್ನ ಜಡೆಯ ಎಣ್ಣೆ ಮಾರಾಯ್ತಿ."

"ಅಲ್ಲ ಸರ್."

"ಎಂತ ಅಲ್ಲ? ನಾಳೆಯಿಂದ ನಿನಗೆ ಬೆಂಚ್ ಬೇಡ. ಹಿಂದೆ ಹೋಗಿ ಬಾಟ್ಲಿ ತೊಳಿ. ಅಲ್ಲಿ ಸೋಪಾದ್ರೂ ಉಂಟು."

ಹುಡುಗರು ನಕ್ಕರು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ "ಸಾರಿ" ಹಾನೆಸ್ಟ್ಲಿ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಒಮ್ಮೆ ಬಾಟ್ಲಿ ತೊಳೆಯಲು ಹೋದವಳನ್ನು ಮತ್ತೆ ಬೆಂಚಿಗೆ ಯಾರೂ ಕರೆಯುವುದಿಲ್ಲ.

"ಮೂರು ದಿನ ಟೈಮ್ ಕೊಡಿ ಸರ್. ಎಣ್ಣೆಯೇ ಆಗಿದ್ರೆ ಬಾಟ್ಲಿ ತೊಳೀತೇನೆ," ಎಂದೆ.

ಮರುದಿನ ಅಮ್ಮನ ಹತ್ತಿರ ಇನ್ನೊಂದು ಅಂಗೈ ಎಣ್ಣೆ ಕೇಳಿದೆ. ದಿನಾ ಎಣ್ಣೆಗೆ ಮುಖ ಸಿಂಡರಿಸುವವಳು ನಾನು. "ಇವತ್ತು ಎಂತ, ಬುದ್ಧಿ ಬಂತಾ?" ಎಂದರು ಅಮ್ಮ.

ಲ್ಯಾಬಿನಲ್ಲಿ ಎರಡು ಹೊಸ ಪ್ಲೇಟು ತೆಗೆದುಕೊಂಡೆ. ಒಂದರ ಮೇಲೆ ಎಲ್ಲರೆದುರೇ ಜಡೆ ಹಿಂಡಿದೆ. ಇನ್ನೊಂದನ್ನು ಸರ್ ಮುಂದೆ ಹಿಡಿದೆ.

"ಇದಕ್ಕೆ ಕೀವನ್ನು ನೀವೇ ಗೀರಿ ಸರ್. ನಿಮ್ಮ ತಲೆಯಲ್ಲಿ ಎಣ್ಣೆಗೆ ಜಾಗವೇ ಇಲ್ಲವಲ್ಲ."

ಸರ್ ತಲೆ ನುಣ್ಣಗಿತ್ತು. ಹಿಂದೆ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಸರ್ ಕಿವಿ ಕೆಂಪಾಯಿತು. ಆದರೂ ತಂತಿಯನ್ನು ಕಾಯಿಸಿ, ತಾವೇ ಗೀರಿದರು.

ಎರಡು ದಿನ ಕಳೆದವು. ನನ್ನ ಪ್ಲೇಟಿನಲ್ಲಿ ಎಣ್ಣೆ ಎಣ್ಣೆಯಾಗಿಯೇ ಹನಿಹನಿ ಕೂತಿತ್ತು. ಅವರ ಪ್ಲೇಟಿನಲ್ಲಿ ಅದೇ ಮುತ್ತಿನ ಹೊಳಪು. ಸರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಆಚೆ ಈಚೆ ತುಂಬ ಹೊತ್ತು ವಾಲಿಸಿದರು.

"ಲೇಬಲಿಗೆ ಯಾರ ಹೆಸರು ಹಾಕುವುದು?" ಎಂದರು, ನನ್ನ ಮುಖ ನೋಡದೆ.

"ಕುರು ನನ್ನದು ಸರ್. ನನ್ನದೇ ಬರೀರಿ."

ಬರೆದರು. ನಾನು ಸ್ಟೂಲ್ ಎಳೆದುಕೊಂಡು ಬೆಂಚಿಗೆ ಕೂತೆ.