ಮರೆಸಿದ ದಾರಿ

ಸತ್ಯದಲ್ಲಿ ನಿಷ್ಠನು, ಮಾತಿನಲ್ಲಿ ಮಿತನು, ಕೈಕೆಲಸದಲ್ಲಿ ನಿಪುಣನು. ಗಿಡಕ್ಕೆ ದಾದಿ, ತೊರೆಗೆ ಮಗ, ಅಡ್ಡದಾರಿ ಹಿಡಿದ ಚಕ್ರಕ್ಕೆ ಮಾತ್ರ ಯಮ. ಅಕ್ಕನ ಮಾತನ್ನು ಗುರುವಾಕ್ಯವೆಂದು ನಡೆಸುವವನು. ಇಂಥವನು ಆ ಸರಕಾರಿ ಕಾಡಿನ ಗಾರ್ಡು. ಜನರ ಬಾಯಲ್ಲಿ ಅವನ ಹೆಸರು ಮುಳ್ಳುಬೇಲಿ.

ಕಾಡು ಎಲ್ಲರದು, ಆದುದರಿಂದಲೇ ಯಾರದೂ ಅಲ್ಲವೆಂಬಂತೆ ಜೀಪು, ಬೈಕುಗಳು ನುಗ್ಗುತ್ತಿದ್ದವು. ಕೆಲವು ದಾರಿಗಳು ವಾಹನಗಳಿಗೆಂದೇ ತೆರೆದಿದ್ದವು, ಉಳಿದವನ್ನು ಮುಚ್ಚಬೇಕಿತ್ತು. ಮುಚ್ಚುವುದೆಂದರೆ ಅವನ ಪಾಲಿಗೆ ಮರೆಸುವುದು. ದಾರಿಯ ಬಾಯಲ್ಲಿ ದಿಮ್ಮಿಗಳನ್ನು ಹೂತು, ಗಾಲಿಯ ಗುರುತುಗಳನ್ನು ಅಗೆದು, ಬೇರುಸಹಿತ ತಂದ ಪೊದೆಗಳನ್ನು ನೆಟ್ಟು ತರಗೆಲೆ ಹರಡಿದನೆಂದರೆ, ಅಲ್ಲಿ ದಾರಿಯಿತ್ತೆಂದವನೇ ಸುಳ್ಳನಾಗುತ್ತಿದ್ದ.

ದಿಬ್ಬಕ್ಕೆ ಎರಡು ದಾರಿ: ವಾಹನಗಳಿಗೆ ತೆರೆದಿದ್ದ ಬಳಸುದಾರಿ, ತೊರೆಯ ಪಕ್ಕದ ಹತ್ತಿರದ ಏರುದಾರಿ. ಏರುದಾರಿಯನ್ನು ಮುಚ್ಚುವಾಗ ರೇಂಜರರು, "ಒಂದು ಗೇಟಿಟ್ಟು ಬೀಗ ಹಾಕಪ್ಪ, ಆಪತ್ತಿಗೆ ಬೇಕಾಗುತ್ತೆ" ಎಂದಿದ್ದರು.

"ಗೇಟಿಟ್ರೆ, ಹಿಂದೆ ದಾರಿ ಇದೆ ಅಂತ ನಾವೇ ಡಂಗುರ ಹೊಡೆದ ಹಾಗೆ, ಸಾರ್" ಎಂದು ಅವರನ್ನು ಒಪ್ಪಿಸಿ, ಅದನ್ನೂ ಮರೆಸಿಬಿಟ್ಟ.

ಅಕ್ಕನ ಗಂಡ ಮೆಕ್ಯಾನಿಕ್. ರಜೆಯ ದಿನ ಗೆಳೆಯರೊಡನೆ ಜೀಪಿನಲ್ಲಿ ಕಾಡಿಗೆ ಬರುವವನು, ತೆರೆದ ದಾರಿಯನ್ನು ಬಿಟ್ಟು ಕದಲದವನು.

"ಏನೋ ಮುಳ್ಳುಬೇಲಿ, ಈ ವಾರ ಯಾವ ದಾರಿ ನುಂಗಿದೆ?" ಎಂದು ಊಟಕ್ಕೆ ಬಂದ ಮೈದುನನನ್ನು ಕೆಣಕುವನು.

"ನಿಮ್ಮ ಜೀಪಿನ ಹೊಗೇಲೇ ಹೊಟ್ಟೆ ತುಂಬಿದೆ ಭಾವ."

"ನಿಮ್ಮಕ್ಕನ ಅಡುಗೆಗಿಂತ ವಾಸಿ ಬಿಡು."

"ಇಬ್ರಿಗೂ ಇವತ್ತು ಹೊಗೇನೇ ಬಡಿಸ್ತೀನಿ, ತಡೀರಿ" ಎಂದು ಒಳಗಿನಿಂದ ಅಕ್ಕನ ದನಿ.

ದೊಡ್ಡ ಮಳೆಯ ಮರುದಿನ ದಿಬ್ಬದ ಮೇಲೆ ಭಾವನ ಜೀಪು ಮಗುಚಿ, ಹೊತ್ತು ಇಳಿಸಲಾಗದಷ್ಟು ಪೆಟ್ಟು ಅವನಿಗಾಯಿತು. ಬೆನ್ನಿಗೇ ಬಳಸುದಾರಿಯೂ ಕುಸಿಯಿತು. ಆಂಬುಲೆನ್ಸು ತೊರೆಯ ಬಳಿ, ಮುಚ್ಚಿದ ಏರುದಾರಿಯ ಬುಡಕ್ಕೆ ಬಂದು ನಿಂತಿತು. ತಾನು ಮರೆಸಿದ ದಾರಿಯನ್ನು ಗಾರ್ಡು ತಾನೇ ಬಗೆಯತೊಡಗಿದ. ಮೊದಲು ಗರಗಸ, ಆಮೇಲೆ ಹಾರೆ, ಕೊನೆಗೆ ಬರಿಯ ಕೈ. ನೆಟ್ಟ ಪೊದೆ ಬೇರೂರಿತ್ತು. ಹೂತ ದಿಮ್ಮಿ ಹೂತವನಿಗೂ ಜಗ್ಗಲಿಲ್ಲ. ಅಂತೂ ಮೇಲೆ ತಲುಪಿದಾಗ, ಭಾವನ ಗೆಳೆಯನು ತನ್ನ ಅಂಗಿಯನ್ನು ಕಳಚಿ ಸತ್ತವನ ಮುಖಕ್ಕೆ ಹೊದಿಸಿ ಕುಳಿತಿದ್ದ.

"ಈಗಷ್ಟೇ ನೀರು ಕೇಳಿದ್ದ" ಎಂದ.

ಅಂದಿನಿಂದ ಅಕ್ಕ ತಮ್ಮನೊಡನೆ ಮಾತು ಬಿಟ್ಟಳು. ಅವನಿಗೋ ಆ ದಾರಿಯನ್ನು ಮತ್ತೆ ಮುಚ್ಚಲು ಕೈಯೇಳಲಿಲ್ಲ. ಬಗೆದ ಬಾಯಿಂದ ಬೈಕುಗಳು ಹಿಂಡು ಹಿಂಡಾಗಿ ನುಗ್ಗಿದವು, ಊರಿನ ನಲ್ಲಿಗಳಿಗೆ ನೀರು ಕೊಡುವ ತೊರೆ ರಾಡಿಯಾಯಿತು, ಎಳೆಯ ಗಿಡಗಳು ಗಾಲಿಗೆ ಸಿಕ್ಕಿ ಸತ್ತವು. ಅವನು ನೋಡುತ್ತ ಕೂತ.

ಒಂದು ಮುಂಜಾನೆ ಅಕ್ಕ ಅವನ ಮನೆಯ ಬಾಗಿಲಿಗೆ ಬಂದು ಹೊರಗೇ ನಿಂತಳು.

"ನಲ್ಲೀಲಿ ಕೆಸರು ಬರ್ತಿದೆ."

"ಅಕ್ಕಾ, ನನ್ನಿಂದ ಭಾವ..."

"ಹೌದು, ನಿನ್ನಿಂದ್ಲೇ. ಅಲ್ಲ ಅಂತ ಸುಳ್ಳು ಹೇಳೋಕೆ ನನಗೆ ಬರಲ್ಲ." ಸೆರಗಿನಿಂದ ಮೂಗೊರೆಸಿಕೊಂಡಳು. "ಆದ್ರೂ ದಾರಿ ಮುಚ್ಚು. ಗೇಟಿಡು. ಒಂದು ಕೀಲಿ ನನ್ ಹತ್ರ ಇರ್ಲಿ. ಕಾಡಿಗೆ ನನ್ನ ಮನೇನೇ ಹತ್ರ. ಯಾರಾದ್ರೂ ಓಡಿ ಬಂದ್ರೆ ಕೊಡ್ತೀನಿ."

"ಒಳಗೆ ಬಾಕ್ಕಾ."

"ಇವತ್ತು ಬೇಡ."

ಗೇಟು ನಿಂತಿತು. ಅವನು ಹೇಳಿದ್ದೂ ಸುಳ್ಳಾಗಲಿಲ್ಲ: ಕಂಡವರೆಲ್ಲ ಹಿಂದೆ ದಾರಿಯಿದೆಯೆಂದು ತಿಳಿದರು. ಯಾರೋ ಮುರಿಯುತ್ತಾರೆ, ಅವನು ಬೈಯದೆ ಕೂಡಿಸುತ್ತಾನೆ. ಅಕ್ಕ ಇನ್ನೂ ಅವನ ಹೊಸ್ತಿಲು ದಾಟಿಲ್ಲ.

ಸರ್ವರನ್ನೂ ಕಾಯುವ ಭಗವಂತನು ಆ ಕೈಗಳಿಗೆ ಬಲವನ್ನೂ ಆ ಕಣ್ಣುಗಳಿಗೆ ನಿದ್ದೆಯನ್ನೂ ಕರುಣಿಸಲಿ. ಅವನ ಮನೆ ತಣ್ಣಗಿರಲಿ, ಅಕ್ಕನ ಮನೆಯ ದೀಪ ಆರದಿರಲಿ; ಆ ಕೀಲಿಯನ್ನು ಕೇಳಿ ಯಾರೂ ಎಂದಿಗೂ ಅವಳ ಬಾಗಿಲಿಗೆ ಓಡಿ ಬಾರದಿರಲಿ.