ಸೆರಗು ಮುಗಿಯದ ಸೀರೆ ಯಾರ ಪಾಲು?

ಹೋದ ತಿಂಗಳು ಬೆಟಗೇರಿಯಲ್ಲಿ ನನ್ನ ಕಣ್ಣೆದುರೇ ಒಂದು ಮದುವೆ ಸೀರೆಗೆ ಕತ್ತರಿ ಬೀಳುವುದರಲ್ಲಿತ್ತು. ಅದೂ ಮಗ್ಗದ ಮೇಲಿದ್ದಾಗಲೇ.

ನಾನಲ್ಲಿ ಪಂಚ. ಅಂದರೆ ಜಪ್ತಿ ನಡೆಯುವಾಗ ನಿಂತು ನೋಡಿ, ನೋಡಿದ್ದಕ್ಕೆ ಸಹಿ ಹಾಕುವ ಸಾಕ್ಷಿ. (ಸಹಿ ಸೊಟ್ಟಗಾಗಿದೆ. ಆದರೆ ಅದು ನನ್ನದೇ.)

ನೆರೆಮನೆಯ ನಿಂಗಪ್ಪನವರು ಸೀರೆ ವ್ಯಾಪಾರದಲ್ಲಿ ದಿವಾಳಿಯಾದರು. ಉಳಿದದ್ದು ಒಂದೇ ಮಗ್ಗ. ಅದರ ಮೇಲೆ ಲಕ್ಷ್ಮೇಶ್ವರದವರು ಹೇಳಿಮಾಡಿಸುತ್ತಿದ್ದ ರೇಷ್ಮೆ ಸೀರೆ, ಅರ್ಧ ನೇಯ್ದದ್ದು. ನೇಯುವವರು ಗಂಗವ್ವ.

ಸಾಲ ಕೊಟ್ಟವರು ಇಬ್ಬರು ಬಂದಿದ್ದರು. ನೂಲು ಕೊಟ್ಟ ಸೊಲ್ಲಾಪುರದ ಅಂಗಡಿಯ ಗುಮಾಸ್ತ ಮಲ್ಲಿನಾಥ. ಬಣ್ಣ ಕೊಟ್ಟ ನಮ್ಮೂರಿನ ಇಮಾಮಸಾಬರು. ಇಬ್ಬರ ಕೈಯಲ್ಲೂ ಕೋರ್ಟಿನ ಆರ್ಡರ್. ನಡುವೆ ಬೆವರು ಒರೆಸಿಕೊಳ್ಳುತ್ತಿದ್ದ, ಜಪ್ತಿ ಮಾಡಬೇಕಾದ ಕೋರ್ಟಿನ ಬೇಲಿಫರು.

"ನಮ್ಮ ಡಿಕ್ರಿ ಮೊದಲ ಆಗೇತಿ," ಅಂದ ಮಲ್ಲಿನಾಥ.

"ಸೊಲ್ಲಾಪುರದಾಗ ಆಗೇತ್ರಿ. ಗದಗಿನ ಕೋರ್ಟಿಗೆ ಅದು ನನ್ನ ಹಿಂದ ಬಂದೈತಿ," ಅಂದರು ಇಮಾಮಸಾಬರು.

"ನೂಲು ನಮ್ಮದು."

"ಬಣ್ಣ ಹಾಕದಿದ್ರ ಆ ನೂಲು ಯಾರು ಕೇಳ್ತಿದ್ರು?"

ಒಂದು ರಾಜ್ಯದ ಸಾಲ, ಇನ್ನೊಂದು ರಾಜ್ಯದ ಮಗ್ಗ. ಮೊದಲ ಹಕ್ಕು ಯಾರದು? ಆರ್ಡರ್ ಮೊದಲು ಪಡೆದವನದೋ, ಅದನ್ನು ಇಲ್ಲಿನ ಕೋರ್ಟಿಗೆ ಮೊದಲು ಮುಟ್ಟಿಸಿದವನದೋ? ಕೂಲಿಯವರ ಬಾಕಿಗೂ ಕಾನೂನಿನಲ್ಲಿ ಜಾಗವಿದೆ ಎಂದು ನನ್ನ ವಕೀಲ ಗೆಳೆಯ ಹೇಳುತ್ತಾನೆ. ಯಾವ ಕೋರ್ಟಿನಲ್ಲಿ, ಎಂದು ಕೇಳಿದರೆ ಕನ್ನಡಕ ಒರೆಸುತ್ತಾನೆ.

"ಇದ್ದಷ್ಟು ಕೊಯ್ದು ಸೀಲ್ ಮಾಡ್ರಿ," ಅಂದ ಮಲ್ಲಿನಾಥ. ಬೇಲಿಫರು ಕತ್ತರಿ ಕೇಳಿದರು.

ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಗಂಗವ್ವ ಏಳಲಿಲ್ಲ. "ಸೆರಗು ಮುಗಿಯದ ಸೀರಿ ಮಗ್ಗದಿಂದ ಇಳಸಂಗಿಲ್ರಿ. ಈ ಓಣ್ಯಾಗ ಯಾರೂ ಇಳಿಸಿಲ್ಲ."

"ಹಂಗಾರ ಮುಗಸಬೇ," ಅಂದ ಮಲ್ಲಿನಾಥ.

"ಮುಗಸ್ತೀನ್ರಿ. ಹಿಂದಿನ ಕೂಲಿ ಕೊಡ್ರಿ. ಚೊಚ್ಚಲ ಬಸರಿ ಮಗಳನ್ನ ಮುಂಡರಗಿಯಿಂದ ಕರಕೊಂಡ ಬರಬೇಕು. ಬೀಗರ ಮನಿಗೆ ಬರಿಗೈಲೆ ಹೆಂಗ ಹೋಗ್ಲಿ?"

"ಕೂಲಿ ನಿಂಗಪ್ಪನವರನ್ನ ಕೇಳು."

"ಅವರ ಕಡೆ ಇದ್ರ ನೀವ್ಯಾಕ ಬರ್ತಿದ್ರಿ?"

ಎಲ್ಲರೂ ನಕ್ಕರು. ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ ನಿಂಗಪ್ಪನವರೂ.

ತನ್ನ ಅಂಗಡಿಯ ಮಾಲೀಕರನ್ನು ಕೇಳಬೇಕೆಂದು ಮಲ್ಲಿನಾಥ ಪೋಸ್ಟಾಫೀಸಿಗೆ ಹೋಗಿ ಸೊಲ್ಲಾಪುರಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿದ. ಲೈನ್ ಸಿಗಬೇಕಲ್ಲ! ಜೊತೆಗೆ ನಾವೂ ಹೋಗಿ ಕಾದೆವು. ಕಾಯುತ್ತ ಎಷ್ಟು ಹೊತ್ತು ಜಗಳವಾಡಲು ಸಾಧ್ಯ? ಇಮಾಮಸಾಬರು ಮಿರ್ಚಿ ಭಜಿ ತರಿಸಿದರು. "ತಿನ್ರಿ, ಇದರ ಮ್ಯಾಲ ಯಾರ ಜಪ್ತಿನೂ ಇಲ್ಲ." ಅರ್ಧ ಸೀರೆ ಇಬ್ಬರಿಗೂ ಉಪಯೋಗವಿಲ್ಲ, ಪೂರ್ತಿ ಸೀರೆಗೆ ಲಕ್ಷ್ಮೇಶ್ವರದಲ್ಲಿ ಗಿರಾಕಿ ಇದೆ ಎಂಬ ಮಾತು ಭಜಿ ಮುಗಿಯುವುದರೊಳಗೆ ಬಂತು. ಲೈನ್ ಸಿಕ್ಕಾಗ ಮಾಲೀಕರೂ "ಹೂಂ" ಅಂದರು.

ಮಗ್ಗದ ಹತ್ತಿರ ಮರಳಿ ಬಂದು, ಗಂಗವ್ವನ ಕೂಲಿಯನ್ನು ಇಬ್ಬರೂ ಸಮಪಾಲು ಹಾಕಿ ಅಲ್ಲೇ ಕೊಟ್ಟರು. ಸೀರೆ ಮಾರಿದಾಗ ಮೊದಲು ಆ ಹಣ ಆ ಇಬ್ಬರಿಗೆ ವಾಪಸ್, ಮಿಕ್ಕದ್ದು ಕೋರ್ಟಿನಲ್ಲಿ ಡಿಪಾಜಿಟ್. ಬೇಲಿಫರು ಪಂಚನಾಮೆ ಬರೆದರು. ನಾನು ಓದಿ, ಮತ್ತೊಮ್ಮೆ ಓದಿ, ಸಹಿ ಹಾಕಿದೆ. ವಸೂಲಿಗೆ ಬಂದವರು ಜೇಬು ಖಾಲಿ ಮಾಡಿಕೊಂಡು ಹೋದದ್ದನ್ನು ನಾನು ನೋಡಿದ್ದು ಇದೇ ಮೊದಲು. ಇಬ್ಬರ ಮುಖದಲ್ಲೂ ಬೇಸರವಿರಲಿಲ್ಲ. (ಇದನ್ನು ಪಂಚನಾಮೆಯಲ್ಲಿ ಬರೆಯಲು ಜಾಗವಿರಲಿಲ್ಲ.)

ಸೀರೆ ಮುಗಿದು ಲಕ್ಷ್ಮೇಶ್ವರಕ್ಕೆ ಹೋಯಿತು. ಮೊದಲ ಹಕ್ಕು ಯಾರದೆಂಬ ಕೇಸಿಗೆ ಮತ್ತೊಂದು ತಾರೀಖು ಬಿದ್ದಿದೆ.

ಗಂಗವ್ವನ ಮಗಳು ಮಾತ್ರ ತವರಿಗೆ ಬಂದು ಮುಟ್ಟಿದ್ದಾಳೆ.