ದ್ರಾಕ್ಷಕ್ಕನ ಮನೇಲಿ ತಂಗಿ ಮಲಗಿದ್ದು

ನಮ್ಮ ದ್ರಾಕ್ಷಕ್ಕ ಒಂದು ಕೆಲಸ ಹಿಡಿದ್ಲು ಅಂದ್ರೆ ಮುಗೀತು ಕಣ್ರೀ, ಆಮೇಲೆ ಮನೇಲಿ ಯಾರಿಗೂ ಬೇರೆ ಕೆಲಸ ಇರಲ್ಲ. ಪೂರ್ತಿ ಹೆಸರು ದ್ರಾಕ್ಷಾಯಣಿ. ನನ್ನ ವಾರಗಿತ್ತಿ, ದೇವೀರಪ್ಪ ಭಾವನ ಹೆಂಡತಿ. ಹೊಂಗಡಹಳ್ಳದಲ್ಲಿ ಅವರ ಮನೆ, ನಮ್ಮ ಮನೆ ಅಕ್ಕಪಕ್ಕ. ನಡುವೆ ಬೇಲಿ ಐತೆ, ಆದ್ರೆ ಅದು ಹೆಸರಿಗೆ. ಬೆಳಿಗ್ಗೆ ನಾನಿನ್ನೂ ಒಲೆ ಮುಂದೆ ಕೂತಿರೋವಾಗ್ಲೇ ಅವಳು ಬೇಲಿ ದಾಟಿ ಬಂದು, ಇವತ್ತು ಏನೇನಾಗ್ಬೇಕು ಅಂತ ನನಗೂ ಸೇರಿಸಿ ಹೇಳಿ ಹೋಗಿರ್ತಾಳೆ. ಬೈಕೊಂಡೇ ಮಾಡ್ತೀನಿ. ಮಾಡದೆ ಇದ್ರೆ ಅವಳೇ ಬಂದು ಮಾಡಿ ಹೋಗ್ತಾಳೆ, ಅದು ಇನ್ನೂ ನಾಚಿಕೆ.

ಅವಳ ತವರು ಅರಸೀಕೆರೆ ಕಡೆ ಬಯಲುಸೀಮೆ. ಮದುವೆಯಾಗಿ ಬಂದ ಹೊಸದರಲ್ಲಿ ಕಾಲಿಗೆ ರಕ್ತ ಹೀರೋ ಇಂಬಳ ಹತ್ತಿದ್ದು ನೋಡಿ ಕಾಫಿ ತೋಟದ ಮಧ್ಯದಲ್ಲೇ ತಲೆ ತಿರುಗಿ ಬಿದ್ದಿದ್ಲಂತೆ. ಈಗ ನೋಡಿ, ಸೊಂಟಕ್ಕೆ ಉಪ್ಪಿನ ಗಂಟು ಸಿಕ್ಕಿಸ್ಕೊಂಡು ತೋಟಕ್ಕಿಳೀತಾಳೆ, ಮಾತಾಡ್ತಾ ಮಾತಾಡ್ತಾ ಆಳುಗಳ ಕಾಲಿಂದ ಇಂಬಳ ಕಿತ್ತು ಎಸೀತಾಳೆ. ಮಳೆ, ಚಳಿ, ಇಂಬಳ, ಅತ್ತೆ, ಎಲ್ಲದಕ್ಕೂ ಒಗ್ಗಿಕೊಂಡ್ಲು. ಒಂದೇ ಒಂದು ನೋವು ಮಾತ್ರ ಒಳಗೇ ಉಳಿದಿತ್ತು. ಒಡಹುಟ್ಟಿದ ತಂಗಿ ಸುಮನಾ ಇವಳ ಮನೇಲಿ ರಾತ್ರಿ ಮಲಗ್ತಿರಲಿಲ್ಲ.

ಅಕ್ಕನ ಮದುವೆಯಾದ ವರ್ಷ ಸುಮನಾ ಬಂದು ಒಂದು ರಾತ್ರಿ ಮಲಗಿದ್ದಳು. ಬೆಳಿಗ್ಗೆ ಎದ್ದಾಗ ಒಂದು ಕಣ್ಣು ಬಾವು ಬಂದು ಮುಚ್ಚೇಹೋಗಿತ್ತು. ಮೈಯೆಲ್ಲ ದದ್ದು, ಕೆರೆದೂ ಕೆರೆದೂ ರಕ್ತ. ನಿಮ್ಮ ಊರಿನ ಸೊಳ್ಳೆಗೂ ನನಗೂ ಆಗಲ್ಲಕ್ಕ, ಇನ್ನು ರಾತ್ರಿ ಇಲ್ಲಿರಲ್ಲ ಅಂದು ಹೋದವಳು ಮಾತು ಉಳಿಸ್ಕೊಂಡ್ಲು. ಆಮೇಲೆ ಬಂದಾಗೆಲ್ಲ ಬೆಳಿಗ್ಗೆ ಬರೋದು, ಉಂಡು, ದೀಪ ಹಚ್ಚೋ ಮುಂಚೆ ಹೊರಟುಬಿಡೋದು. ದ್ರಾಕ್ಷಕ್ಕ ನಗ್ತಾನೇ ಕಳಿಸೋಳು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ತಂಗಿಗೆ ಅಂತ ಹಾಸಿಟ್ಟಿದ್ದ ಹಾಸಿಗೆ ಸುತ್ತಿಡೋಳು. ಅದನ್ನ ನೋಡೋಕಾಗ್ತಿರಲಿಲ್ಲ ನನಗೆ.

ಈ ಸಲ ದಸರಾ ರಜಕ್ಕೆ ಮುಂಚೆ ದಾವಣಗೆರೆಯಿಂದ ಸುಮನಾ ಫೋನ್ ಮಾಡಿದ್ಲು. ಗಂಡ ಸಂಜಯ್‌ಗೆ ಬಿಸ್ಲೆ ಕಾಡು ನೋಡೋ ಆಸೆಯಂತೆ, ಎರಡು ರಾತ್ರಿ ಇರ್ತೀವಿ ಅಂದ್ಲು. ಮೊದಲನೇ ರಾತ್ರಿ ಸೊಳ್ಳೆ ಕಚ್ಚಿದ್ರೆ ಬೆಳಿಗ್ಗೇನೇ ಹೊರಟೆ ಅಂತಾನೂ ಸೇರಿಸಿದ್ಲು. ದ್ರಾಕ್ಷಕ್ಕ ಫೋನ್ ಇಟ್ಟವಳೇ ಬೇಲಿ ಹಾರಿ ಬಂದ್ಲು. ಆ ವಯಸ್ಸಲ್ಲಿ ಹಾರಬಾರದು, ಸೆರಗು ಮುಳ್ಳಿಗೆ ಸಿಕ್ಕಿ ಹರೀತು. ಅವಳಿಗೆ ಗೊತ್ತೇ ಆಗಲಿಲ್ಲ.

ಅಲ್ಲಿಂದ ಶುರುವಾಯ್ತು ನೋಡಿ ಯುದ್ಧ. ಭಾವನ್ನ ಸಕಲೇಶಪುರಕ್ಕೆ ಓಡಿಸಿ ಕಿಟಕಿಗೆಲ್ಲ ಜಾಲರಿ ತರಿಸಿ ಹೊಡೆಸಿದ್ಲು. ಸೊಳ್ಳೆ ಪರದೆಗೆ ಕೆಳಗಡೆ ಮೊಳದಷ್ಟು ಬಟ್ಟೆ ಸೇರಿಸಿ ಹೊಲಿದ್ಲು, ಹಾಸಿಗೆ ಅಡಿಗೆ ಚೆನ್ನಾಗಿ ಸಿಕ್ಕಿಸೋಕೆ. ಅಂಗಳದಲ್ಲಿ ಬಿದ್ದಿದ್ದ ತೆಂಗಿನ ಚಿಪ್ಪು, ಹಳೇ ಟಯರು, ಹೂಕುಂಡದ ತಟ್ಟೆ, ಕಾಫಿ ನರ್ಸರಿಯ ಹರಿದ ಪ್ಲಾಸ್ಟಿಕ್, ನೀರು ನಿಲ್ಲೋದು ಒಂದೂ ಬಿಡಲಿಲ್ಲ. ನಮ್ಮ ಅಂಗಳಕ್ಕೂ ಬಂದು ನನ್ನ ದಾಸವಾಳದ ಕುಂಡಾನೂ ಬೋರಲು ಹಾಕಿ ಹೋದ್ಲು. ತಂಗಿಗೆ ಅಂತ ತುಂಬು ತೋಳಿನ, ಪಾದ ಮುಚ್ಚೋ ಎರಡು ನೈಟಿ ಹೊಲಿದಿಟ್ಲು. ಸಂಜೆ ಹೊಗೆ ಹಾಕೋಕೆ ಲಕ್ಕಿ ಸೊಪ್ಪು ಒಣಗಿಸಿದ್ಲು. ಭಾವ ಪಾಪ, ನಮ್ಮನೆಗೆ ಬರ್ತಿರೋದು ಸುಮನಾನೋ ಜಿಲ್ಲಾಧಿಕಾರಿನೋ ಅಂತ ಕೇಳಿ ಬೈಸ್ಕೊಂಡ್ರು.

ಇದೆಲ್ಲದರ ಮೇಲೆ ಒಂದು ಗುಟ್ಟಿತ್ತು. ಹೋದ ಬೇಸಿಗೇಲಿ ಹಸು ಮಾರಿದ ಮೇಲೆ ಅದು ನೀರು ಕುಡೀತಿದ್ದ ಕಲ್ಲುಬಾನಿ ಖಾಲಿ ಬಿದ್ದಿತ್ತು. ತಂಗಿ ಎಂದಾದ್ರೂ ಬಂದು ಮಲಗಿಯಾಳು ಅಂತ ದ್ರಾಕ್ಷಕ್ಕ ಅದನ್ನ ನಾಲ್ಕು ಆಳು ಹಿಡಿಸಿ, ನೆಂಟರು ಮಲಗೋ ಕೋಣೆಯ ಕಿಟಕಿ ಕೆಳಗೆ ಇಡಿಸಿದ್ದಳು. ತವರೂರ ಕೆರೆಯಿಂದ ನೈದಿಲೆ ಗೆಡ್ಡೆ ತರಿಸಿ, ಕೆಸರು ತುಂಬಿ ಅದರಲ್ಲಿ ನೆಟ್ಟಿದ್ದಳು. ಅಕ್ಕತಂಗಿ ಸಣ್ಣವರಿದ್ದಾಗ ಲಂಗ ಎತ್ತಿ ಕಟ್ಟಿ ಆ ಕೆರೇಲಿಳಿದು ನೈದಿಲೆ ಕೀಳ್ತಿದ್ರಂತೆ, ಆಮೇಲೆ ಅಪ್ಪನ ಕೈಲಿ ಏಟು ತಿಂತಿದ್ರಂತೆ. ಮಳೆಗಾಲ ಪೂರ್ತಿ ಆ ಬಾನಿ ಮುಂದೆ ಕೂತು ಎಲೆ ಸವರ್ತಿದ್ಲು. ತಂಗಿ ಬರೋ ಹೊತ್ತಿಗೆ ಸರಿಯಾಗಿ ಒಂದು ಮೊಗ್ಗು ನೀರಿಂದ ತಲೆ ಎತ್ತಿತು. ಬೆಳಿಗ್ಗೆ ಕಿಟಕಿ ತೆಗೆದ್ರೆ ಹೂವು ಅರಳಿರ್ಬೇಕು, ಅಲ್ಲಿವರೆಗೂ ಯಾರೂ ಬಾಯಿ ಬಿಡಬಾರದು ಅಂತ ನಮಗೆಲ್ಲ ಆಣೆ ಹಾಕಿದ್ಲು.

ಬಂದರು. ಆ ದಿನದ ಸಡಗರ ಏನು ಹೇಳಲಿ! ದ್ರಾಕ್ಷಕ್ಕ ತಂಗಿ ಕೈ ಹಿಡ್ಕೊಂಡೇ ಮನೆಯೆಲ್ಲ ತೋರಿಸಿದ್ಲು, ನೋಡಿದ ಮನೇನೇ ಮತ್ತೆ. ಸಂಜೆ ಸುಮನಾ ಸ್ನಾನ ಮಾಡಿ ಬಂದ್ಲು. ಅಕ್ಕ ಹೊಲಿದ ನೈಟಿ ನೋಡಿ, ಇದನ್ನ ನಮ್ಮತ್ತೇನೂ ಹಾಕ್ಕೊಳಲ್ಲ ಅಂತ ನಕ್ಕು, ತನ್ನದೇ ಮೊಣಕಾಲುದ್ದದ್ದು ಹಾಕ್ಕೊಂಡ್ಲು. ದ್ರಾಕ್ಷಕ್ಕ ಒಳಗೆ ಅಕ್ಕಿರೊಟ್ಟಿ ತಟ್ತಿದ್ಲು. ನಾನು ಮುಂದಿನ ಅಂಗಳದಲ್ಲಿ ಲಕ್ಕಿ ಸೊಪ್ಪಿನ ಹೊಗೆ ಹಾಕ್ತಾ ಕಣ್ಣೀರು ಸುರಿಸ್ತಿದ್ದೆ. ಸುಮನಾ ತಂಪಾಗೈತೆ ಅಂತ ಹಿಂದುಗಡೆ ಹೋಗಿ, ಮಸುಕು ಬೆಳಕಲ್ಲಿ ಆ ಕಿಟಕಿ ಕೆಳಗಿನ ಕಟ್ಟೆ ಮೇಲೆ ಕೂತು ಫೋನ್ ನೋಡ್ತಿದ್ಲು.

ಊಟಕ್ಕೆ ಕೂರೋ ಹೊತ್ತಿಗೆ ಒಂದು ಕಾಲಿಂದ ಇನ್ನೊಂದು ಕಾಲು ಉಜ್ತಿದ್ಲು. ಆಮೇಲೆ ಕೈ. ಆಮೇಲೆ ಕುತ್ತಿಗೆ. ದ್ರಾಕ್ಷಕ್ಕನ ಕೈಲಿದ್ದ ರೊಟ್ಟಿ ಹಾಗೇ ನಿಂತುಹೋಯ್ತು. ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂದಂಗಾಯ್ತಲ್ಲಪ್ಪ ಅಂದ್ಕೊಂಡೆ. ಸುಣ್ಣ ಹಚ್ಚಿ ಅಂದ್ರು ಭಾವ. ಸುಣ್ಣ ಹಚ್ಚೋಕೆ ಅವಳೇನು ಗೋಡೆನಾ ಅಂತ ಗದರಿಸಿ, ನಾನು ಓಡಿಹೋಗಿ ನಮ್ಮನೆಯಿಂದ ಗುಲಾಬಿ ಬಣ್ಣದ ಕ್ಯಾಲಮೈನ್ ಸೀಸೆ ತಂದೆ. ದ್ರಾಕ್ಷಕ್ಕ ಕಚ್ಚಿದ ಜಾಗವನ್ನೆಲ್ಲ ಸೋಪಲ್ಲಿ ತೊಳೆದು, ಬಾವಿಯ ತಣ್ಣೀರಲ್ಲಿ ಬಟ್ಟೆ ಅದ್ದಿ ಅದ್ದಿ ಒತ್ತಿದ್ಲು. ಉರಿ ತಗ್ಗಿದ ಮೇಲೆ ಕ್ಯಾಲಮೈನ್ ಸವರಿದ್ಲು. ಕೆರೀಬೇಡ ಕಣೇ, ಕೆರೆದಷ್ಟೂ ಜಾಸ್ತಿ ಆಗುತ್ತೆ ಅಂತ ಎರಡೂ ಕೈ ಹಿಡ್ಕೊಂಡು ಕೂತ್ಲು. ಪರದೆ ಒಳಗೆ ಆಮೇಲೆ ಒಂದು ಸೊಳ್ಳೇನೂ ಹೋಗಲಿಲ್ಲ. ಆದ್ರೇನು, ಆಗಬೇಕಾದ್ದು ಆಗೋಗಿತ್ತು.

ಬೆಳಿಗ್ಗೆ ನಾನು ಬೇಲಿ ದಾಟಿ ಬಂದಾಗ ಬ್ಯಾಗು ಜಗಲಿ ಮೇಲಿತ್ತು. ಮೈಯೆಲ್ಲ ಗುಲಾಬಿ ಮಚ್ಚೆ ಹೊತ್ತ ಸುಮನಾ ತಲೆ ತಗ್ಗಿಸಿ, ಬೇಜಾರು ಮಾಡ್ಕೋಬೇಡಕ್ಕ ಅಂತಿದ್ಲು. ಸಂಜಯ್ ಬ್ಯಾಗು ಎತ್ತಿ ಕಾರಿಗಿಟ್ಟ. ದ್ರಾಕ್ಷಕ್ಕ ಬೇಜಾರೇನಿಲ್ಲ ಬಿಡು ಅಂದ್ಲು. ಅವಳ ಮುಖ ನೋಡೋಕಾಗದೆ ನಾನು ಮನೆ ಹಿಂದಕ್ಕೆ ಹೋದೆ. ಬೇಲಿ ದಾಟೋವಾಗ ಕಾಲಿಗೆ ಕೆಸರು ಮೆತ್ತಿತ್ತು, ತೊಳ್ಕೊಳೋಣ ಅಂತ ಬಾನಿಗೆ ಚೊಂಬು ಅದ್ದಿದೆ.

ಚೊಂಬಿನ ನೀರು ಅಲ್ಲಾಡ್ತಿತ್ತು. ಬಗ್ಗಿ ನೋಡಿದೆ. ಸಣ್ಣ ಸಣ್ಣ ಹುಳ, ಲುಟುಲುಟು ಅಂತ ಮೇಲಕ್ಕೂ ಕೆಳಕ್ಕೂ ಓಡಾಡ್ತಾವೆ! ಬಾನಿ ನೋಡ್ತೀನಿ, ನೈದಿಲೆ ಎಲೆ ನೆರಳಲ್ಲಿ ಲೆಕ್ಕಕ್ಕೇ ಸಿಗದಷ್ಟು. ಹಸು ಇದ್ದಾಗ ದಿನಾ ಕುಡಿದು ಖಾಲಿ ಮಾಡೋದು, ದಿನಾ ತಿಕ್ಕಿ ಹೊಸ ನೀರು ತುಂಬ್ತಿದ್ವಿ. ಈಗ ತಿಂಗಳುಗಟ್ಟಲೆ ನಿಂತ ನೀರು. ನನ್ನ ದಾಸವಾಳದ ಕುಂಡ ಬೋರಲು ಹಾಕಿದ ಮಹಾತಾಯಿ ದಿನಾ ಎಲೆ ಸವರಿದ್ರೂ ಅದರಡಿಯ ನೀರು ಮಾತ್ರ ನೋಡಿರಲಿಲ್ಲ. ಬೇಲೀನೇ ಎದ್ದು ಹೊಲ ಮೇಯ್ದಂಗಾಗಿತ್ತು.

"ಅಕ್ಕಾ, ಬಾ ಇಲ್ಲಿ!" ಅಂತ ಕೂಗಿದೆ.

ಬಂದ್ಲು. ನೋಡಿದ್ಲು. ಬಕೆಟ್ ಎಳ್ಕೊಂಡು ಮೊಗೆದು ಮೊಗೆದು ಅಂಗಳಕ್ಕೆ ಎರಚೋಕೆ ಶುರು ಮಾಡಿದ್ಲು. ಸೀರೆಯೆಲ್ಲ ಕೆಸರು. ಮೊಗ್ಗು ಅಷ್ಟೊತ್ತಿಗೆ ಅರೆ ಅರಳಿತ್ತು. ಮಳೆಗಾಲವೆಲ್ಲ ಕೂತು ಸಾಕಿದ ಬಳ್ಳೀನ ಬೇರು ಸಮೇತ ಕಿತ್ತು ಬಿಸಾಕಿದ್ಲು. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ, ಅಷ್ಟು ಸಿಟ್ಟಿತ್ತು ತನ್ನ ಮೇಲೇ.

ಸದ್ದಿಗೆ ಸುಮನಾ ಬಂದ್ಲು. ಅವಳ ಕಣ್ಣು ಬಿದ್ದಿದ್ದು ನೆಲದ ಮೇಲಿನ ಹೂವಿನ ಮೇಲೆ. ಎತ್ಕೊಂಡ್ಲು, ಮೂಸಿದ್ಲು, ಅಕ್ಕನ್ನ ನೋಡಿದ್ಲು.

"ಇದು ನಮ್ಮೂರ ಕೆರೇದಲ್ವೇನಕ್ಕ?"

"ನಿನಗೆ ಅಂತ ಬೆಳೆಸಿದ್ದೆ ಕಣೇ," ಅಂದ್ಲು ದ್ರಾಕ್ಷಕ್ಕ. "ನಿನ್ನ ಕಚ್ಚಿಸೋಕೆ ನಾನೇ ಸೊಳ್ಳೆ ಸಾಕಿಬಿಟ್ಟೆ."

ಸುಮನಾ ಮೊದಲು ನಕ್ಕಳೋ ಅತ್ತಳೋ ನನಗೆ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೇ ಬಂತು. ಆಮೇಲೆ ಅವಳೇ ಸೀರೆ ಎತ್ತಿ ಸಿಕ್ಕಿಸಿ ಕೆಸರಲ್ಲಿ ಕೂತು ಗೆಡ್ಡೆ ಹುಡುಕಿದ್ಲು. ಗಂಡನ್ನ ಕೂಗಿ ಬ್ಯಾಗು ಇಳಿಸು ಅಂದ್ಲು. ಸಂಜಯ್ ಅದನ್ನೇ ಕಾಯ್ತಿದ್ದನೋ ಏನೋ, ಓಡ್ಕೊಂಡು ಹೋದ. ಬಾನಿ ತಿಕ್ಕಿದ್ವಿ, ಗೆಡ್ಡೆ ಮತ್ತೆ ನೆಟ್ಟು ಹೊಸ ನೀರು ತುಂಬಿದ್ವಿ. ಭಾವ ತೋಟದ ಹೊಂಡದಿಂದ ಸಣ್ಣ ಮೀನು ಹಿಡಿದು ತಂದು ಬಿಟ್ರು. ಚೊಂಬಲ್ಲಿ ಉಳಿದಿದ್ದ ಹುಳಗಳನ್ನ ಸುರಿದಿದ್ದೇ ತಡ, ಮೀನು ಗುಳುಂ ಗುಳುಂ ಅಂತ ನುಂಗಿದ್ವು. ಕಚ್ಚಿದೋರ ವಂಶ ನಿರ್ವಂಶ ಆಗ್ಲಿ ಅಂತ ಸುಮನಾ ಚಪ್ಪಾಳೆ ತಟ್ಟಿದ್ಲು. ಎಲ್ಲರೂ ಬಾನಿ ಸುತ್ತ ಸೇರ್ಕೊಂಡ್ವಿ, ಮಧ್ಯಾಹ್ನದ ಅಡುಗೆ ಯಾರಿಗೂ ನೆನಪಾಗಲಿಲ್ಲ.

ಸಂಜೆ ಹೊತ್ತು ಮುಳುಗೋ ಮುಂಚೇನೇ ಕಿಟಕಿ ಬಾಗಿಲು ಹಾಕಿದ್ವಿ. ಹೊಗೆ ಈ ಸಲ ಹಿಂದಿನ ಅಂಗಳಕ್ಕೂ ಹಾಕಿದೆ. ಸುಮನಾ ಅಕ್ಕ ಹೊಲಿದ ನೈಟಿ ಹಾಕ್ಕೊಂಡು ನನ್ನ ಮುಂದೆ ಒಂದು ಸುತ್ತು ಸುತ್ತಿ ತೋರಿಸಿದ್ಲು. ಅಕ್ಕನೇ ಪರದೆ ಸಿಕ್ಕಿಸಿ, ನಾಲ್ಕೂ ಮೂಲೆ ಎಳೆದು ನೋಡಿ ಬಂದ್ಲು.

ಮಾರನೇ ದಿನ ಬೆಳಿಗ್ಗೆ ದ್ರಾಕ್ಷಕ್ಕ ಬೇಲಿ ದಾಟಿ ಬರಲಿಲ್ಲ. ಇದೇನಪ್ಪಾ ಗ್ರಹಚಾರ ಅಂತ ನಾನೇ ಹೋದೆ. ಬಿಸಿಲು ಅಂಗಳಕ್ಕೆಲ್ಲ ಬಂದಿತ್ತು. ಭಾವ ಕಳೆ ಕೊಯ್ಯೋ ಮೆಷಿನ್ ಹೆಗಲ ಮೇಲಿಟ್ಕೊಂಡು, ಸ್ಟಾರ್ಟ್ ಮಾಡೋಕೆ ಅಪ್ಪಣೆ ಸಿಗದೆ ಸುಮ್ನೆ ನಿಂತಿದ್ರು. ಮಿಕ್ಸಿಗೆ ಹಾಕ್ಬೇಕಾದ ಚಟ್ನಿ ಒರಳಲ್ಲಿ ಸದ್ದಿಲ್ಲದೆ ಅರೆದಾಗಿತ್ತು. ದ್ರಾಕ್ಷಕ್ಕ ಕೋಣೆ ಬಾಗಿಲ ಮುಂದೆ ಮಣೆ ಹಾಕ್ಕೊಂಡು ಕೂತಿದ್ಲು. ಪಕ್ಕದಲ್ಲಿ ತಂಗಿಗೆ ತಂದಿಟ್ಟ ಕಾಫಿ ಆರಿ ಕೆನೆ ಕಟ್ಟಿತ್ತು. ನಾನು ಬಾಯಿ ತೆಗೆಯೋ ಮುಂಚೇನೇ ತುಟಿ ಮೇಲೆ ಬೆರಳಿಟ್ಲು. ಅವಳ ಮುಖ ಅಷ್ಟು ಬೆಳಗಿದ್ದು ನಾನು ನೋಡೇ ಇರಲಿಲ್ಲ.

"ಮೆತ್ತಗೆ ಮಾತಾಡೇ," ಅಂದ್ಲು. "ನನ್ನ ತಂಗಿ ಇನ್ನೂ ಎದ್ದಿಲ್ಲ."